ಮೆಡಿಕಲ್ ಶಾಪ್ ಕೌಂಟರ್ ಹಿಂದೆ ನಿಂತವರು ಯಾರು? ಸಾರ್ವಜನಿಕ ಆರೋಗ್ಯದ ಪ್ರಶ್ನೆ ಶುರುವಾಗುವುದೇ ಅಲ್ಲಿಂದ

ಮುಂಬೈನ ಒಂದು ಮೆಡಿಕಲ್ ಶಾಪ್. ಒಬ್ಬ ಗಿರಾಕಿ ಬಂದು, "ಎರಡು ಮೂರು ವಾರದಿಂದ ಕೆಮ್ಮು, ಜ್ವರ. ಏನಾದರೂ ಔಷಧಿ ಕೊಡಿ" ಎನ್ನುತ್ತಾನೆ. ಕೈಯಲ್ಲಿ ವೈದ್ಯರ ಚೀಟಿ ಇಲ್ಲ. ಕೌಂಟರ್ ಹಿಂದೆ ನಿಂತವರು ಕಪಾಟಿನಿಂದ ಒಂದೆರಡು ಬಗೆಯ ಮಾತ್ರೆ ತೆಗೆದು ಕೊಡುತ್ತಾರೆ, ದುಡ್ಡು ಎಣಿಸಿಕೊಳ್ಳುತ್ತಾರೆ. ವ್ಯವಹಾರ ಮುಗಿಯಿತು. ನಾವೆಲ್ಲ ಒಂದಲ್ಲ ಒಂದು ದಿನ ಹೀಗೇ ಔಷಧಿ ಕೊಂಡವರು, ಹಾಗಾಗಿ ಇದರಲ್ಲಿ ವಿಶೇಷ ಕಾಣುವುದಿಲ್ಲ. ಆದರೆ ಆ ಗಿರಾಕಿಗೆ ಕೆಮ್ಮೂ ಇರಲಿಲ್ಲ, ಜ್ವರವೂ ಇರಲಿಲ್ಲ. ಆತ ಸಂಶೋಧಕರು ತರಬೇತಿ ಕೊಟ್ಟು ಕಳಿಸಿದ ಪಾತ್ರಧಾರಿ.

2014ರ ಏಪ್ರಿಲ್‌ನಿಂದ 2015ರ ನವೆಂಬರ್‌ವರೆಗೆ ಮುಂಬೈ, ದೆಹಲಿ ಮತ್ತು ಪಾಟ್ನಾದ 622 ಔಷಧಿ ಅಂಗಡಿಗಳಿಗೆ ಇಂಥ 'ರೋಗಿಗಳು' ಹೋಗಿ ಬಂದರು. ಒಟ್ಟು 1,200 ಭೇಟಿಗಳು. ಫಲಿತಾಂಶ 2016ರಲ್ಲಿ 'ದಿ ಲ್ಯಾನ್ಸೆಟ್ ಇನ್‌ಫೆಕ್ಷಿಯಸ್ ಡಿಸೀಸಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ವಾರಗಟ್ಟಲೆ ಕೆಮ್ಮು, ಜ್ವರ ಎಂದರೆ ಕ್ಷಯದ ಅನುಮಾನ ಬರಬೇಕು. ಆ್ಯಂಟಿಬಯೋಟಿಕ್ ಅಥವಾ ಸ್ಟೀರಾಯ್ಡ್ ಕೊಡದೆ ವೈದ್ಯರ ಬಳಿ ಕಳಿಸುವುದು ಸರಿಯಾದ ಕ್ರಮ. ಹಾಗೆ ಮಾಡಿದ್ದು ನೂರಕ್ಕೆ 13 ಭೇಟಿಗಳಲ್ಲಿ ಮಾತ್ರ. ಶೇ 37ರಷ್ಟು ಭೇಟಿಗಳಲ್ಲಿ ಆ್ಯಂಟಿಬಯೋಟಿಕ್ ಕೈಗೆ ಬಂದಿತ್ತು.

ಇಲ್ಲಿಗೆ ನಿಲ್ಲಿಸಿದರೆ ಇದು ಮೆಡಿಕಲ್ ಶಾಪ್‌ಗಳನ್ನು ಬೈಯುವ ಮತ್ತೊಂದು ವರದಿಯಾಗುತ್ತದೆ. ಆದರೆ ಸಂಶೋಧಕರು ಅದೇ ಅಂಗಡಿಗಳಿಗೆ ಇನ್ನೊಬ್ಬ ಗಿರಾಕಿಯನ್ನೂ ಕಳಿಸಿದ್ದರು. ಆತನ ಕೈಯಲ್ಲಿ ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಪತ್ತೆಯಾಗಿದೆ ಎನ್ನುವ ಲ್ಯಾಬ್ ರಿಪೋರ್ಟ್ ಇತ್ತು. ಅದನ್ನು ನೋಡಿದ ತಕ್ಷಣ ಅಂಗಡಿಯವರ ವರ್ತನೆಯೇ ಬದಲಾಯಿತು. ಶೇ 62ರಷ್ಟು ಭೇಟಿಗಳಲ್ಲಿ ಯಾವುದೇ ಆ್ಯಂಟಿಬಯೋಟಿಕ್ ಕೊಡದೆ ವೈದ್ಯರ ಬಳಿ ಹೋಗಿ ಎಂದರು. ಆ್ಯಂಟಿಬಯೋಟಿಕ್ ಕೊಟ್ಟ ಪ್ರಮಾಣ ಶೇ 16ಕ್ಕೆ ಇಳಿಯಿತು. ಮೂರೂ ನಗರಗಳಲ್ಲಿ ಒಬ್ಬರೂ ಕ್ಷಯದ ಮೊದಲ ಹಂತದ ಔಷಧಿಯನ್ನು ಚೀಟಿ ಇಲ್ಲದೆ ಕೊಡಲಿಲ್ಲ.

ದುರಾಸೆಯೊಂದೇ ಕಾರಣವಾಗಿದ್ದರೆ ಎರಡನೆಯ ಗಿರಾಕಿಗೂ ಮಾತ್ರೆ ಮಾರಿ ಕಳಿಸುತ್ತಿದ್ದರು. ಹಾಗಾಗಲಿಲ್ಲ. ರೋಗ ಏನೆಂದು ಕಾಗದದ ಮೇಲೆ ಕಂಡಾಗ ಹೆಚ್ಚಿನವರು ಜವಾಬ್ದಾರಿಯಿಂದಲೇ ನಡೆದುಕೊಂಡರು. ಔಷಧಿ ಅಂಗಡಿಗಳನ್ನು ಸಾರ್ವಜನಿಕ ಆರೋಗ್ಯ ವ್ಯವಸ್ಥೆಯ ಭಾಗ ಮಾಡಬೇಕೇ ಎನ್ನುವ ಚರ್ಚೆಗೆ ಇದಕ್ಕಿಂತ ಒಳ್ಳೆಯ ಆರಂಭ ನನಗಂತೂ ಕಾಣುವುದಿಲ್ಲ.

ಮೊದಲ 'ಡಾಕ್ಟರ್' ಅವರೇ

ದೇಶದಲ್ಲಿ ನಗರ, ಗ್ರಾಮಾಂತರ ಎರಡೂ ಸೇರಿ ಇರುವ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಸುಮಾರು 31 ಸಾವಿರ. ಔಷಧಿ ವ್ಯಾಪಾರಿಗಳ ಅಖಿಲ ಭಾರತ ಸಂಘಟನೆ ಎಐಒಸಿಡಿ ತನ್ನ ಸದಸ್ಯರೇ 12 ಲಕ್ಷಕ್ಕೂ ಹೆಚ್ಚು ಎಂದು ಹೇಳಿಕೊಳ್ಳುತ್ತದೆ. ಅದರಲ್ಲಿ ಸಗಟು ವ್ಯಾಪಾರಿಗಳನ್ನು ಕಳೆದರೂ ಅಂತರ ಎಷ್ಟೆಂದು ಊಹಿಸಬಹುದು. ಆರೋಗ್ಯ ಕೇಂದ್ರ ಸಂಜೆಗೆ ಬಾಗಿಲು ಹಾಕುತ್ತದೆ. ಮೆಡಿಕಲ್ ಶಾಪ್ ರಾತ್ರಿ ಹತ್ತರವರೆಗೂ ತೆರೆದಿರುತ್ತದೆ. ಅಲ್ಲಿ ಟೋಕನ್ ಇಲ್ಲ, ಕ್ಯೂ ಇಲ್ಲ, ಕನ್ಸಲ್ಟೇಷನ್ ಫೀಸ್ ಇಲ್ಲ.

ದಿನಗೂಲಿಯವರ ಲೆಕ್ಕ ಇನ್ನೂ ಸರಳ. ಯಾದಗಿರಿ, ಕಲಬುರಗಿ, ವಿಜಯಪುರದಿಂದ ಮುಂಬೈ, ಪುಣೆ, ಹೈದರಾಬಾದ್‌ನ ಕಟ್ಟಡ ಕೆಲಸಕ್ಕೆ ಹೋದವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಬೆಳಗ್ಗೆ ಕಳೆಯುವುದೆಂದರೆ ಒಂದು ದಿನದ ಪಗಾರ ಹೋದಂತೆ. ಜೊತೆಗೆ ಭಾಷೆಯ ತೊಡಕು. ಕೇಸ್ ಪೇಪರ್ ಎಲ್ಲಿ ಮಾಡಿಸಬೇಕು, ಯಾವ ಕೋಣೆಗೆ ಹೋಗಬೇಕು ಎಂದು ಮರಾಠಿಯಲ್ಲೋ ತೆಲುಗಿನಲ್ಲೋ ಕೇಳುವುದಕ್ಕಿಂತ ಕೆಲಸದಿಂದ ಬರುವ ದಾರಿಯಲ್ಲಿ "ಜ್ವರಕ್ಕೊಂದು ಗುಳಿಗೆ" ಎನ್ನುವುದು ಸುಲಭ. ಮುಂಬೈನ ಹೋಟೆಲುಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಹುಡುಗರ ಕಥೆಯೂ ಬೇರೆಯಲ್ಲ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ ರೋಗಲಕ್ಷಣ ಇದ್ದವರ ಪೈಕಿ ಶೇ 64ರಷ್ಟು ಮಂದಿ ಚಿಕಿತ್ಸೆಗಾಗಿ ಎಲ್ಲಿಗೂ ಹೋಗಿರಲಿಲ್ಲ. 'ಎಲ್ಲಿಗೂ ಹೋಗದ' ಇಂಥ ಜನರೂ ಕೆಮ್ಮಿನ ಸಿರಪ್‌ಗೋ ಜ್ವರದ ಮಾತ್ರೆಗೋ ಮೆಡಿಕಲ್ ಶಾಪ್ ಮೆಟ್ಟಿಲು ಹತ್ತಿಯೇ ಇರುತ್ತಾರೆ. ಅಲ್ಲಿ ನಡೆಯುವ ಮಾತು ಯಾವ ಸರ್ಕಾರಿ ಕಡತದಲ್ಲೂ ದಾಖಲಾಗುವುದಿಲ್ಲ, ಅಷ್ಟೇ.

2025ರೊಳಗೆ ದೇಶವನ್ನು ಕ್ಷಯಮುಕ್ತ ಮಾಡುವ ಗುರಿ ತಪ್ಪಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಪ್ರತಿ ಲಕ್ಷ ಜನರಿಗೆ ಹೊಸ ಕ್ಷಯ ಪ್ರಕರಣಗಳು 2015ರಲ್ಲಿ 237 ಇದ್ದದ್ದು 2024ರಲ್ಲಿ 187ಕ್ಕೆ ಇಳಿದಿದೆ. ಇಳಿಕೆ ದೊಡ್ಡದೇ. ಆದರೂ ಜಗತ್ತಿನ ನಾಲ್ವರು ಕ್ಷಯ ರೋಗಿಗಳಲ್ಲಿ ಒಬ್ಬರು ಭಾರತದವರು.

ಕಾನೂನಿನಲ್ಲಿ ಫಾರ್ಮಸಿಸ್ಟ್, ಅಂಗಡಿಯಲ್ಲಿ ಹುಡುಗ

ಫಾರ್ಮಸಿಸ್ಟ್ ಪಾತ್ರ ವಿಸ್ತರಿಸಬೇಕು ಎನ್ನುವ ಮಾತು ಸಮ್ಮೇಳನಗಳಲ್ಲಿ ಚೆನ್ನಾಗಿ ಕೇಳಿಸುತ್ತದೆ. ಆದರೆ ನೀವು ಕಳೆದ ಬಾರಿ ಔಷಧಿ ಕೊಂಡಾಗ ಅದನ್ನು ಕೈಗೆ ಕೊಟ್ಟವರು ಫಾರ್ಮಸಿಸ್ಟ್ ಆಗಿದ್ದರೇ? ಬಹುತೇಕರಿಗೆ ಉತ್ತರ ಗೊತ್ತಿರುವುದಿಲ್ಲ, ಕೇಳುವ ಅಭ್ಯಾಸವೂ ನಮಗಿಲ್ಲ.

1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ವೈದ್ಯರ ಚೀಟಿಯ ಮೇಲೆ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್ ಮಾತ್ರ. ಉಲ್ಲಂಘಿಸಿದರೆ ಹಿಂದೆ ಇದ್ದ ದಂಡ ಗರಿಷ್ಠ ಒಂದು ಸಾವಿರ ರೂಪಾಯಿ. 2023ರ ಜನ ವಿಶ್ವಾಸ್ ಕಾಯ್ದೆ ಅದನ್ನು 2 ಲಕ್ಷ ರೂಪಾಯಿಗೆ ಏರಿಸಿತು, ಜೈಲು ಶಿಕ್ಷೆಯ ಮಿತಿಯನ್ನು ಆರು ತಿಂಗಳಿಂದ ಮೂರು ತಿಂಗಳಿಗೆ ಇಳಿಸಿತು. ಬಿಹಾರದ ಪ್ರಕರಣವೊಂದರಲ್ಲಿ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ನೋಂದಾಯಿತ ಫಾರ್ಮಸಿಸ್ಟ್ ಇಲ್ಲದೆ ಔಷಧಿ ವಿತರಿಸಲು ಬಿಡುವುದು ಜನರ ಆರೋಗ್ಯದ ಜೊತೆ ಆಟವಾಡಿದಂತೆ ಎನ್ನುವ ಅರ್ಥದಲ್ಲಿ ರಾಜ್ಯ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು.

ವಾಸ್ತವ ಏನೆಂದು ಈ ವ್ಯಾಪಾರ ಬಲ್ಲವರಿಗೆಲ್ಲ ಗೊತ್ತು. ಡಿ.ಫಾರ್ಮಾ ಮುಗಿಸಿದವರ ಸರ್ಟಿಫಿಕೇಟ್ ಅಂಗಡಿಗೆ ಬಾಡಿಗೆ ಹೋಗುತ್ತದೆ. ಸರ್ಟಿಫಿಕೇಟ್‌ನ ಮಾಲೀಕರು ಬೇರೆಲ್ಲೋ ಕೆಲಸದಲ್ಲಿರುತ್ತಾರೆ. ಕೌಂಟರ್‌ನಲ್ಲಿ ಇರುವುದು ಹತ್ತನೆಯದೋ ಪಿಯುಸಿಯೋ ಓದಿ, ಔಷಧಿಗಳ ಹೆಸರನ್ನು ಕಪಾಟಿನ ಜಾಗದಿಂದ ಗುರುತಿಡುವ ಹುಡುಗ. ಆ ಹುಡುಗ ಜಾಣನಿರಬಹುದು, ಹತ್ತು ವರ್ಷದ ಅನುಭವವೂ ಇರಬಹುದು. ಆದರೆ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಕೆಲವು ನೋವಿನ ಮಾತ್ರೆ ಏಕೆ ಆಗದು ಎನ್ನುವುದನ್ನು ಅವನಿಗೆ ಯಾರೂ ಕಲಿಸಿಲ್ಲ.

ಈ ಪದ್ಧತಿಗೆ ಗಂಭೀರವಾಗಿ ಕೈ ಹಾಕಿದ ಉದಾಹರಣೆ ಮಹಾರಾಷ್ಟ್ರದ್ದು. ಮಹೇಶ್ ಝಗಡೆ ಅಲ್ಲಿನ ಎಫ್‌ಡಿಎ ಆಯುಕ್ತರಾಗಿದ್ದಾಗ, 2012-13ರ ಸುಮಾರಿಗೆ, ಫಾರ್ಮಸಿಸ್ಟ್ ಇಲ್ಲದ ಅಂಗಡಿಗಳ ಮೇಲೆ ಒಂದಾದ ಮೇಲೊಂದು ಕ್ರಮ ಶುರುವಾಯಿತು. ಕೆಮಿಸ್ಟ್‌ಗಳ ಸಂಘಟನೆ ಬಂದ್ ಮಾಡಿ ಪ್ರತಿಭಟಿಸಿತು. ಮುಂಬೈ, ಪುಣೆಯ ಓದುಗರಿಗೆ ಆ ದಿನಗಳ ಗಲಾಟೆ ನೆನಪಿರಬಹುದು. ಅಧಿಕಾರಿ ಬದಲಾದ ಮೇಲೆ ಅಭಿಯಾನದ ಬಿಸಿ ಹಾಗೇ ಉಳಿಯುವುದಿಲ್ಲ, ಅದು ನಮ್ಮ ಎಲ್ಲ ಇಲಾಖೆಗಳ ಕಥೆ.

ತಮಾಷೆಯೆಂದರೆ ಕಾಗದದ ಮೇಲೆ ನಮ್ಮ ನಿಯಮಗಳು ಯಾವ ದೇಶಕ್ಕೂ ಕಡಿಮೆಯಿಲ್ಲ. ಭಾರತೀಯ ಫಾರ್ಮಸಿ ಕೌನ್ಸಿಲ್‌ನ 2015ರ ನಿಯಮಾವಳಿ ಫಾರ್ಮಸಿಸ್ಟ್‌ಗಳು ಬಿಳಿ ಕೋಟು ಹಾಕಬೇಕು, ಹೆಸರಿನ ಬ್ಯಾಡ್ಜ್ ಧರಿಸಬೇಕು, ರೋಗಿಗೆ ಔಷಧಿಯ ಬಗ್ಗೆ ತಿಳಿಹೇಳಬೇಕು ಎನ್ನುತ್ತದೆ. ಶಿಕ್ಷಣಕ್ಕೂ ಕೊರತೆಯಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಪಕ್ಕದಲ್ಲೇ ನಿಂತು ಕಲಿಯುವ ಕ್ಲಿನಿಕಲ್ ಫಾರ್ಮಸಿ ಓದಿಗೆ ದೇಶದಲ್ಲಿ ದಾರಿ ಹಾಕಿದ ಮೊದಲ ಕಾಲೇಜುಗಳಲ್ಲಿ ಮೈಸೂರು ಮತ್ತು ಊಟಿಯ ಜೆಎಸ್ಎಸ್ ಕಾಲೇಜುಗಳೂ ಸೇರಿವೆ, ಅದು 1990ರ ದಶಕದಲ್ಲಿ. ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್ ಬೆಂಗಳೂರಿನಲ್ಲಿ ಔಷಧ ಮಾಹಿತಿ ಕೇಂದ್ರವನ್ನೇ ನಡೆಸುತ್ತಿದೆ. 2008ರಿಂದ ಆರು ವರ್ಷದ ಫಾರ್ಮ್.ಡಿ ಕೋರ್ಸ್ ಕೂಡ ಬಂದಿದೆ. ಇಷ್ಟು ಓದಿದವರು ಬೀದಿಯ ಮೆಡಿಕಲ್ ಶಾಪ್‌ನಲ್ಲಿ ಏಕೆ ನಿಲ್ಲುವುದಿಲ್ಲ?

ಮಾರಿದರೆ ಕಾಸು, ಬೇಡ ಎಂದರೆ ಸೊನ್ನೆ

ಉತ್ತರ ಗಲ್ಲಾಪೆಟ್ಟಿಗೆಯಲ್ಲಿದೆ. ಬೆಲೆ ನಿಯಂತ್ರಣಕ್ಕೆ ಒಳಪಟ್ಟ ಔಷಧಿಗಳಲ್ಲಿ ಚಿಲ್ಲರೆ ವ್ಯಾಪಾರಿಗೆ 2013ರ ಔಷಧ ಬೆಲೆ ನಿಯಂತ್ರಣ ಆದೇಶ ನಿಗದಿ ಮಾಡಿರುವ ಮಾರ್ಜಿನ್ ಶೇ 16. ಅಂಗಡಿಗೆ 20 ರೂಪಾಯಿಗೆ ಬಂದ ಸ್ಟ್ರಿಪ್‌ನಲ್ಲಿ ಉಳಿಯುವುದು 3 ರೂಪಾಯಿ 20 ಪೈಸೆ. ಅದರಲ್ಲೇ ಅಂಗಡಿ ಬಾಡಿಗೆ, ಕರೆಂಟು, ಫ್ರಿಡ್ಜ್, ಹುಡುಗರ ಸಂಬಳ. ಬ್ರ್ಯಾಂಡ್ ಹೆಸರಿನಲ್ಲಿ ಬರುವ ಕೆಲವು ಜೆನೆರಿಕ್‌ಗಳಲ್ಲಿ ಮಾರ್ಜಿನ್ ಇದಕ್ಕಿಂತ ಬಹಳ ಹೆಚ್ಚು. ಹಾಗಾಗಿ ಯಾವುದನ್ನು ಕೊಡಬೇಕು ಎನ್ನುವ ನಿರ್ಧಾರವೂ ಅದರ ಕಡೆಗೇ ವಾಲುತ್ತದೆ.

ಈಗ ಆ ನಕಲಿ ರೋಗಿಯ ಕಡೆ ಮತ್ತೆ ನೋಡಿ. "ಇದು ಮಾಮೂಲಿ ಕೆಮ್ಮಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕಫ ಪರೀಕ್ಷೆ ಮಾಡುತ್ತಾರೆ, ನಾಳೆಯೇ ಹೋಗಿ" ಎಂದು ಐದು ನಿಮಿಷ ಬಿಡಿಸಿ ಹೇಳಿದವರಿಗೆ ಸಿಗುವುದೇನು? ಏನೂ ಇಲ್ಲ. ಗಿರಾಕಿ ಬೇಸರಪಟ್ಟು ಎದುರಿನ ಅಂಗಡಿಗೆ ಹೋಗಿ ಅದೇ ಮಾತ್ರೆ ಕೊಳ್ಳುತ್ತಾನೆ. ಒಳ್ಳೆಯ ಸಲಹೆ ಕೊಟ್ಟವರಿಗೆ ನಷ್ಟ, ಕೊಡದವರಿಗೆ ಲಾಭ ಎನ್ನುವ ವ್ಯವಸ್ಥೆಯಲ್ಲಿ ಬಿಳಿ ಕೋಟಿನ ನಿಯಮ ಎಷ್ಟು ದೂರ ನಡೆದೀತು?

ಇಂಗ್ಲೆಂಡ್ ಈ ಗಂಟನ್ನು ಬಿಚ್ಚಲು ಯತ್ನಿಸಿದ ರೀತಿ ಗಮನಿಸುವಂಥದ್ದು. ಅಲ್ಲಿ 2024ರ ಜನವರಿ 31ರಂದು 'ಫಾರ್ಮಸಿ ಫಸ್ಟ್' ಯೋಜನೆ ಜಾರಿಗೆ ಬಂತು. ಗಂಟಲು ನೋವು, ಕಿವಿ ನೋವು, ಸೈನಸ್, ಮಹಿಳೆಯರ ಸರಳ ಮೂತ್ರ ಸೋಂಕು ಸೇರಿದಂತೆ ಏಳು ಸಮಸ್ಯೆಗಳಿಗೆ ಜನ ನೇರವಾಗಿ ಫಾರ್ಮಸಿಗೇ ಹೋಗಬಹುದು. ಫಾರ್ಮಸಿಸ್ಟ್ ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ ವಿಚಾರಿಸುತ್ತಾರೆ. ಔಷಧಿ ಕೊಡಲಿ ಬಿಡಲಿ, ಆ ಸಮಾಲೋಚನೆಗೆ ಸರ್ಕಾರಿ ಆರೋಗ್ಯ ಸೇವೆಯಿಂದ ಶುಲ್ಕ ಸಿಗುತ್ತದೆ, ಆರಂಭದಲ್ಲಿ ಅದು 15 ಪೌಂಡ್ ಇತ್ತು. ಅಲ್ಲಿನ ಫಾರ್ಮಸಿಗಳು 2015ರಿಂದ ಫ್ಲೂ ಲಸಿಕೆಯನ್ನೂ, 2021ರಿಂದ ಬಿಪಿ ತಪಾಸಣೆಯನ್ನೂ ಸರ್ಕಾರದ ಪರವಾಗಿ ಮಾಡುತ್ತಿವೆ.

ಅದನ್ನು ಹಾಗೇ ಇಲ್ಲಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಕೊಡುವ ಅಧಿಕಾರವನ್ನು ನಮ್ಮ ಅಂಗಡಿಗಳಿಗೆ ಕಾನೂನುಬದ್ಧವಾಗಿ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದಂತಾಗುತ್ತದೆ. ವೈದ್ಯರ ಸಂಘಟನೆಗಳಿಗಿರುವ ಆತಂಕ ಈ ವಿಷಯದಲ್ಲಿ ಸರಿಯಾದದ್ದೇ. ತೆಗೆದುಕೊಳ್ಳಬೇಕಾದ ಅಂಶ ಒಂದೇ: ಮಾತಿಗೆ ಬೆಲೆ ಕಟ್ಟಿದ್ದು.

ರಿಜಿಸ್ಟರ್ ಇದೆ, ಓದುವವರಿಲ್ಲ

ಹಾಗೆ ನೋಡಿದರೆ ಕ್ಷಯದ ವಿಷಯದಲ್ಲಿ ನಮ್ಮಲ್ಲೂ ಪ್ರಯೋಗಗಳು ನಡೆದಿವೆ. ಮುಂಬೈನಲ್ಲೇ ಕೇಂದ್ರ ಕಚೇರಿ ಇರುವ ಇಂಡಿಯನ್ ಫಾರ್ಮಸ್ಯೂಟಿಕಲ್ ಅಸೋಸಿಯೇಷನ್ 2000ರ ದಶಕದಲ್ಲೇ ನಗರದ ಫಾರ್ಮಸಿಸ್ಟ್‌ಗಳಿಗೆ ತರಬೇತಿ ಕೊಟ್ಟು, ರೋಗಿಗಳು ತಮ್ಮ ಮನೆ ಹತ್ತಿರದ ಅಂಗಡಿಯಲ್ಲೇ ಡಾಟ್ಸ್ ಮಾತ್ರೆ ನುಂಗುವ ವ್ಯವಸ್ಥೆ ಮಾಡಿತ್ತು. 2012ರಲ್ಲಿ ಕೇಂದ್ರ ಕ್ಷಯ ವಿಭಾಗವೇ ಫಾರ್ಮಸಿಸ್ಟ್ ಮತ್ತು ಕೆಮಿಸ್ಟ್ ಸಂಘಟನೆಗಳ ಜೊತೆ ಒಪ್ಪಂದ ಮಾಡಿಕೊಂಡಿತು. 2014ರಲ್ಲಿ ಮುಂಬೈ ಮತ್ತು ಪಾಟ್ನಾದಲ್ಲಿ ಶುರುವಾದ ಯೋಜನೆಯಲ್ಲಿ ಖಾಸಗಿ ವೈದ್ಯರ ಬಳಿ ಹೋದ ಕ್ಷಯ ರೋಗಿಗೂ ಒಂದು ವೋಚರ್ ಸಂಖ್ಯೆ ಸಿಗುತ್ತಿತ್ತು. ಅದನ್ನು ತೋರಿಸಿದರೆ ಅಂಗಡಿಯಲ್ಲಿ ಔಷಧಿ ಉಚಿತ, ಅಂಗಡಿಯ ಹಣ ಆಮೇಲೆ ಪಾವತಿ. ಅಂಗಡಿಯವರಿಗೆ ವ್ಯಾಪಾರ ತಪ್ಪಲಿಲ್ಲ, ರೋಗಿಗೆ ಖರ್ಚು ತಪ್ಪಿತು, ಸರ್ಕಾರಕ್ಕೆ ರೋಗಿಯ ಮಾಹಿತಿ ಸಿಕ್ಕಿತು. ಮೂವರಿಗೂ ಏನಾದರೂ ಸಿಕ್ಕಿದ್ದರಿಂದಲೇ ಅದು ನಡೆಯಿತು.

ಆಮೇಲೆ ಬಂದದ್ದು ದಂಡದ ದಾರಿ. 2018ರ ಮಾರ್ಚ್‌ನ ಗೆಜೆಟ್ ಅಧಿಸೂಚನೆ ಪ್ರಕಾರ ಕ್ಷಯದ ಔಷಧಿ ಮಾರುವ ಕೆಮಿಸ್ಟ್‌ಗಳೂ ರೋಗಿಯ ವಿವರವನ್ನು ಸ್ಥಳೀಯ ಆರೋಗ್ಯಾಧಿಕಾರಿಗೆ ತಿಳಿಸಬೇಕು. ತಿಳಿಸದಿದ್ದರೆ ಆಗಿನ ಭಾರತೀಯ ದಂಡ ಸಂಹಿತೆಯ 269 ಮತ್ತು 270ನೇ ಸೆಕ್ಷನ್‌ಗಳ ಅಡಿ ಜೈಲು ಶಿಕ್ಷೆಗೂ ಅವಕಾಶವಿತ್ತು. ತಲೆನೋವೇ ಬೇಡ ಎಂದು ಅಂಗಡಿಯವರು ಕ್ಷಯದ ಔಷಧಿ ಇಡುವುದನ್ನೇ ಬಿಟ್ಟರೆ ಪಾಡು ಪಡುವವರು ರೋಗಿಗಳೇ.

ಇಲ್ಲಿ ಒಂದು ಸಣ್ಣ ವಿವರ ನನ್ನನ್ನು ಕಾಡುತ್ತದೆ. ಕ್ಷಯದ ಔಷಧಿಗಳು ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಈ ಪಟ್ಟಿಯ ಔಷಧಿ ಮಾರಿದಾಗಲೆಲ್ಲ ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆಯಬೇಕು, ಅದನ್ನು ಮೂರು ವರ್ಷ ಇಡಬೇಕು. ನಿಯಮ ಕೇಳುವುದು ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧಿಯ ಹೆಸರು, ಪ್ರಮಾಣ. ರೋಗಿಯ ವಿಳಾಸವನ್ನಾಗಲಿ ಫೋನ್ ನಂಬರನ್ನಾಗಲಿ ಆ ನಿಯಮ ಕೇಳುವುದಿಲ್ಲ. ಅಂದರೆ ಆ ರಿಜಿಸ್ಟರನ್ನು ರೂಪಿಸಿದ್ದು ಇನ್‌ಸ್ಪೆಕ್ಟರ್ ತಪಾಸಣೆಗಾಗಿ. ರೋಗಿಯನ್ನು ಹಿಂಬಾಲಿಸಿ ಹೋಗಿ ಚಿಕಿತ್ಸೆ ಪೂರ್ಣಗೊಳಿಸುವ ಉದ್ದೇಶ ಅದಕ್ಕಿರಲಿಲ್ಲ.

ಕ್ಷಯದ ಚಿಕಿತ್ಸೆ ಕನಿಷ್ಠ ಆರು ತಿಂಗಳದ್ದು. ಒಂದೆರಡು ತಿಂಗಳಲ್ಲಿ ಕೆಮ್ಮು ನಿಂತು ಮೈ ಕೂಡಿಕೊಳ್ಳುತ್ತದೆ, ಅಲ್ಲಿಗೆ ಮಾತ್ರೆಯೂ ನಿಲ್ಲುತ್ತದೆ. ಖಾಸಗಿಯಾಗಿ ಔಷಧಿ ಕೊಳ್ಳುವ ರೋಗಿ ಈ ತಿಂಗಳು ಬರಲಿಲ್ಲ ಎನ್ನುವುದು ಎಲ್ಲರಿಗಿಂತ ಮೊದಲು ತಿಳಿಯುವುದು ಅಂಗಡಿಯವರಿಗೆ. ವೈದ್ಯರಿಗೆ ತಿಳಿಯುವಷ್ಟರಲ್ಲಿ ಕಾಯಿಲೆ ಮರುಕಳಿಸಿರುತ್ತದೆ.

ಎರಡು ಪ್ರಶ್ನೆ ಕೇಳಿದರೆ ಸಾಕು

ಸಕ್ಕರೆ ಕಾಯಿಲೆ, ರಕ್ತದೊತ್ತಡದ ವಿಷಯಕ್ಕೆ ಬಂದರೆ ಫಾರ್ಮಸಿಸ್ಟ್ ಕೆಲಸ ಇನ್ನಷ್ಟು ಸುಲಭ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ ಎಂದು ಅಂದಾಜಿಸಿತು. ಇವರಲ್ಲಿ ಚಿಕಿತ್ಸೆಯಲ್ಲಿ ಇರುವವರು ವೈದ್ಯರನ್ನು ಕಾಣುವುದು ವರ್ಷಕ್ಕೊಮ್ಮೆಯೋ ಎರಡು ಬಾರಿಯೋ. ಮೆಡಿಕಲ್ ಶಾಪ್‌ಗೆ ತಿಂಗಳಿಗೊಮ್ಮೆ ಹೋಗಲೇಬೇಕು. ಎಷ್ಟೋ ಮನೆಗಳಲ್ಲಿ ಮಡಚಿ ಮಡಚಿ ಹರಿದ ಎರಡು ವರ್ಷ ಹಳೆಯ ಚೀಟಿಯಲ್ಲೇ ಮಾತ್ರೆ ತರುವುದು ರೂಢಿ. "ಕೊನೆಯ ಸಲ ಶುಗರ್ ನೋಡಿಸಿದ್ದು ಯಾವಾಗ ಅಜ್ಜಿ?" ಎಂದು ಒಂದು ಮಾತು ಕೇಳಲು ಆರು ವರ್ಷದ ಕೋರ್ಸ್ ಬೇಕಾಗಿಲ್ಲ.

ಮೊಣಕಾಲು ನೋವಿಗೆ ಡೈಕ್ಲೋಫೆನಾಕ್ ಕೇಳಿಕೊಂಡು ಬಂದವರಿಗೆ "ಬಿಪಿ ಮಾತ್ರೆ ತಗೋತೀರಾ? ಕಿಡ್ನಿ ತೊಂದರೆ ಇದೆಯಾ?" ಎಂದು ಕೇಳುವುದೂ ಅಷ್ಟೇ. ಆ ವರ್ಗದ ನೋವು ನಿವಾರಕಗಳು ರಕ್ತದೊತ್ತಡ ಏರಿಸಬಲ್ಲವು, ಮೂತ್ರಪಿಂಡಕ್ಕೂ ಪೆಟ್ಟು ಕೊಡಬಲ್ಲವು. ಇನ್ನು ಸ್ಟ್ರಿಪ್ ಕತ್ತರಿಸಿ ನಾಲ್ಕೇ ಮಾತ್ರೆ ಕೊಡುವ ನಮ್ಮ ಪದ್ಧತಿ ನೋಡಿ. ದುಡ್ಡಿಲ್ಲದವರಿಗೆ ಅದು ಅನುಕೂಲವೇ. ಆದರೆ ಕತ್ತರಿ ಬಿದ್ದ ಕಡೆ ಔಷಧಿಯ ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ ದಿನಾಂಕ ಎಲ್ಲ ಹೋಗಿಬಿಡುತ್ತದೆ. ಮನೆಗೆ ಬಂದ ಮೇಲೆ ಅದು ಬರೀ 'ಬಿಳಿ ಗುಳಿಗೆ'.

ಆ್ಯಂಟಿಬಯೋಟಿಕ್ ಸ್ಟ್ರಿಪ್‌ಗಳ ಮೇಲೆ ಉದ್ದಕ್ಕೆ ಎಳೆದ ಕೆಂಪು ಗೆರೆಯನ್ನು ನೀವು ನೋಡಿರಬಹುದು. ಚೀಟಿ ಇಲ್ಲದೆ ಕೊಳ್ಳಬೇಡಿ ಎಂದು ಅದರ ಅರ್ಥ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಇದರ ಬಗ್ಗೆ ಪ್ರಚಾರ ಮಾಡಿತು. ಸೆಫಿಕ್ಸಿಮ್‌ನಂಥ ಔಷಧಿ ಎಚ್1 ಪಟ್ಟಿಯಲ್ಲಿದ್ದು ರಿಜಿಸ್ಟರ್‌ನಲ್ಲಿ ಬರೆಯಬೇಕಾದ್ದು. ಆದರೂ ನೆಗಡಿಗೆ "ಆ್ಯಂಟಿಬಯೋಟಿಕ್ ಒಂದು ಕೋರ್ಸ್ ಕೊಡಿ" ಎಂದು ಕೇಳುವ ವಿದ್ಯಾವಂತರಿಗೇನೂ ಕೊರತೆಯಿಲ್ಲ. ತಪ್ಪು ಕೌಂಟರ್‌ನ ಎರಡೂ ಬದಿಯಲ್ಲಿದೆ.

ಇದನ್ನು ಬದಲಾಯಿಸಬಹುದು ಎನ್ನುವುದಕ್ಕೆ ಪಕ್ಕದ ಕೇರಳ ಸಾಕ್ಷಿ. ಅಲ್ಲಿ 2024ರ ಜನವರಿಯಲ್ಲಿ 'ಆಪರೇಷನ್ ಅಮೃತ್' ಹೆಸರಿನಲ್ಲಿ ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಮಾರುವ ಅಂಗಡಿಗಳ ಮೇಲೆ ದಿಢೀರ್ ತಪಾಸಣೆ ಶುರುವಾಯಿತು. ಅದರ ಜೊತೆಗೆ ಆ್ಯಂಟಿಬಯೋಟಿಕ್‌ಗಳನ್ನು ಎಚ್ಚರಿಕೆ ಬರೆದ ನೀಲಿ ಕವರ್‌ನಲ್ಲಿ ಹಾಕಿ ಕೊಡುವ ಕ್ರಮವೂ ಬಂತು. ರಾಜ್ಯದಲ್ಲಿ ಆ್ಯಂಟಿಬಯೋಟಿಕ್ ಬಳಕೆ ಶೇ 20ರಿಂದ 30ರಷ್ಟು ಇಳಿದಿದೆ ಎನ್ನುವುದು ಕೇರಳ ಸರ್ಕಾರದ ಹೇಳಿಕೆ. ಸರ್ಕಾರಿ ಅಂಕಿಗಳನ್ನು ಸ್ವಲ್ಪ ಎಚ್ಚರದಿಂದಲೇ ನೋಡಬೇಕು. ಆದರೂ ನೀಲಿ ಕವರ್ ಉಪಾಯ ನನಗೆ ಹಿಡಿಸಿತು. ಓದು ಬಾರದ ಗಿರಾಕಿಗೂ ಬಣ್ಣ ಅರ್ಥವಾಗುತ್ತದೆ.

ಕೆಮ್ಮಿನ ಸಿರಪ್ ದುರಂತವನ್ನೂ ಇಲ್ಲಿ ನೆನೆಯಬೇಕು. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ 20ಕ್ಕೂ ಹೆಚ್ಚು ಮಕ್ಕಳು ವಿಷಕಾರಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಸಿರಪ್‌ನಿಂದ ಸತ್ತರು. ಬಾಟಲಿಯೊಳಗಿನ ಕಲಬೆರಕೆ ಯಾವ ಫಾರ್ಮಸಿಸ್ಟ್‌ಗೂ ಕಣ್ಣಿಗೆ ಕಾಣುವುದಲ್ಲ. ಅದು ಕಾರ್ಖಾನೆಯ ಮತ್ತು ಔಷಧ ನಿಯಂತ್ರಕರ ಹೊಣೆ. ಆದರೆ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮಿನ ಸಿರಪ್ ಕೊಡಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಸರ್ಕಾರ ಅದೇ ಅಕ್ಟೋಬರ್‌ನಲ್ಲಿ ಸೂಚನೆ ಹೊರಡಿಸಿತು. "ಪಾಪುಗೆ ಕೆಮ್ಮು, ಒಂದು ಬಾಟಲಿ ಕೊಡಿ" ಎಂದ ತಾಯಿಗೆ "ಪಾಪು ವಯಸ್ಸೆಷ್ಟಮ್ಮಾ?" ಎಂದು ಕೇಳಬೇಕಾದವರು ಯಾರು? ಆ ಸೂಚನೆ ದೆಹಲಿಯಿಂದ ಹೊರಟು ಕೊನೆಗೆ ತಲುಪಬೇಕಾದ ಜಾಗ ಅದೇ ಕೌಂಟರ್.

ಎಲ್ಲಿಂದ ಶುರು ಮಾಡಬೇಕು

ಫಾರ್ಮಸಿಸ್ಟ್‌ಗಳಿಗೆ ಲಸಿಕೆ ಹಾಕುವ, ಔಷಧಿ ಬರೆಯುವ ಅಧಿಕಾರ ಬೇಕು ಎನ್ನುವ ಬೇಡಿಕೆ ಆಗಾಗ ಏಳುತ್ತದೆ. ಸದ್ಯಕ್ಕೆ ಅದು ಅವಸರದ ಮಾತು. ಅಂಗಡಿಯಲ್ಲಿ ಫಾರ್ಮಸಿಸ್ಟ್ ಇದ್ದಾರೆಂದೇ ಖಾತ್ರಿಯಿಲ್ಲದಿರುವಾಗ ಸಿರಿಂಜ್ ಕೊಡುವುದು ಯಾರ ಕೈಗೆ? ಮೊದಲು ಹಾಜರಾತಿ, ಆಮೇಲೆ ಅಧಿಕಾರ.

ಆದರೆ ಎಲ್ಲ ಅಂಗಡಿಗಳೂ ಸರಿಹೋಗಲಿ ಎಂದು ಕಾದು ಕೂರಬೇಕಾಗಿಯೂ ಇಲ್ಲ. ಫಾರ್ಮಸಿಸ್ಟ್ ನಿಜವಾಗಿ ಕೂರುವ ಅಂಗಡಿಗಳು ಪ್ರತಿ ಊರಿನಲ್ಲೂ ಇವೆ. ಅಂಥವನ್ನು ಆರಿಸಿ ಜಿಲ್ಲಾ ಕ್ಷಯ ಅಧಿಕಾರಿಯ ಕಚೇರಿಗೆ ಜೋಡಿಸಬಹುದು. ಎರಡು ವಾರ ದಾಟಿದ ಕೆಮ್ಮಿಗೆ ಒಂದು ಚೀಟಿ ಬರೆದು ಕಳಿಸಲಿ, ಆ ವ್ಯಕ್ತಿ ಕಫ ಪರೀಕ್ಷೆಗೆ ಹೋದರೆ ಅಂಗಡಿಗೆ ಒಂದಿಷ್ಟು ಹಣ ಬರಲಿ. ಪರೀಕ್ಷೆಯಲ್ಲಿ ಕ್ಷಯ ಇಲ್ಲವೆಂದಾದರೂ ಹಣ ಸಿಗಬೇಕು, ಏಕೆಂದರೆ ನಾವು ಬೆಲೆ ಕಟ್ಟುತ್ತಿರುವುದು ಕಳಿಸಿದ್ದಕ್ಕೆ. ಖಾಸಗಿ ವಲಯದಿಂದ ಕ್ಷಯ ರೋಗಿಯ ಮಾಹಿತಿ ಬಂದರೆ 500 ರೂಪಾಯಿ ಕೊಡುವ ವ್ಯವಸ್ಥೆ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈಗಾಗಲೇ ಇದೆ. ಅದು ರೋಗ ಖಚಿತವಾದ ಮೇಲಿನ ಮಾತು. ಅನುಮಾನದ ಹಂತಕ್ಕೆ ಅದನ್ನು ಹಿಂದಕ್ಕೆ ಎಳೆಯುವುದಷ್ಟೇ ಬಾಕಿ.

ಗುಟ್ಟಿನ ಪ್ರಶ್ನೆಯೂ ಇದೆ. 2020ರ ಏಪ್ರಿಲ್‌ನಲ್ಲಿ ಕೋವಿಡ್ ಭಯದಲ್ಲಿ ತೆಲಂಗಾಣ ಸೇರಿ ಕೆಲವು ರಾಜ್ಯಗಳು ಜ್ವರ, ಕೆಮ್ಮಿನ ಔಷಧಿ ಕೊಳ್ಳುವವರ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ ಎಂದು ಅಂಗಡಿಗಳಿಗೆ ಆದೇಶಿಸಿದ್ದವು. ಮನೆ ಬಾಗಿಲಿಗೆ ಅಧಿಕಾರಿಗಳು ಬರುತ್ತಾರೆಂದು ಹೆದರಿದವರು ಸರಿಯಾದ ನಂಬರ್ ಕೊಟ್ಟಾರೆಯೇ? ಕ್ಷಯಕ್ಕೆ ಅಂಟಿದ ಕಳಂಕ ಅದಕ್ಕಿಂತ ಹಳೆಯದು. ಓಣಿಯ ಅಂಗಡಿಯಲ್ಲಿ ಹತ್ತು ಜನ ನಿಂತಿರುವಾಗ "ನಿಮಗೆ ಟಿಬಿ ಇರಬಹುದು" ಎನ್ನುವುದು ಯಾವ ಮದುವೆಯನ್ನು ಮುರಿಯುತ್ತದೋ, ಯಾರ ಬಾಡಿಗೆ ಕೋಣೆಯನ್ನು ಕಳೆಯುತ್ತದೋ ಹೇಳಲಾಗದು. ಇಂಗ್ಲೆಂಡಿನಂತೆ ಪ್ರತ್ಯೇಕ ಕೋಣೆ ನಮ್ಮ ಎಂಟಡಿ ಅಂಗಡಿಗಳಲ್ಲಿ ಕನಸು. ಕೌಂಟರ್‌ನ ಒಂದು ಬದಿಗೆ ಕರೆದು ತಗ್ಗಿದ ದನಿಯಲ್ಲಿ ಮಾತಾಡುವುದು, ಚೀಟಿಯಲ್ಲಿ ರೋಗದ ಹೆಸರು ಬರೆಯದೆ ಪರೀಕ್ಷಾ ಕೇಂದ್ರದ ವಿಳಾಸ ಮತ್ತು ನಿಕ್ಷಯ್ ಸಹಾಯವಾಣಿ 1800-11-6666 ಅನ್ನು ಮಾತ್ರ ಬರೆದುಕೊಡುವುದು ಇವತ್ತೇ ಆಗುವ ಕೆಲಸ.

ಇದರ ನಡುವೆ ವ್ಯಾಪಾರವೇ ಬೇರೆ ಕಡೆ ಹೊರಳುತ್ತಿದೆ. ಮೊಬೈಲ್ ಆ್ಯಪ್‌ನಲ್ಲಿ ಔಷಧಿ ತರಿಸುವುದು ಹೆಚ್ಚಿದೆ. ಆನ್‌ಲೈನ್ ಫಾರ್ಮಸಿಗಳಿಗಾಗಿ 2018ರ ಆಗಸ್ಟ್‌ನಲ್ಲಿ ಕೇಂದ್ರ ಕರಡು ನಿಯಮ ಹೊರಡಿಸಿತು. ಅಂಗಡಿಯವರು ಅದನ್ನು ವಿರೋಧಿಸಿ ಬೀದಿಗಿಳಿಯುತ್ತಲೇ ಇದ್ದಾರೆ. ರಿಯಾಯಿತಿಯ ಪೈಪೋಟಿಯಲ್ಲಿ ಸಣ್ಣ ಅಂಗಡಿ ಆ್ಯಪ್‌ಗಳ ಮುಂದೆ ನಿಲ್ಲುವುದು ಕಷ್ಟ. ಅದಕ್ಕಿರುವ ಒಂದೇ ಅನುಕೂಲವೆಂದರೆ ಗಿರಾಕಿಯ ಮುಖ ಪರಿಚಯ. ಡೆಲಿವರಿ ಹುಡುಗ ಗೇಟಿನಲ್ಲಿ ಪ್ಯಾಕೆಟ್ ಕೊಟ್ಟು ಹೋಗುತ್ತಾನೆ, ಅಜ್ಜನ ಕೆಮ್ಮು ಅವನಿಗೆ ಕೇಳಿಸುವುದಿಲ್ಲ.

ಜಾತ್ರೆಗೋ ಬಿತ್ತನೆಗೋ ಪುಣೆಯಿಂದ ಊರಿಗೆ ಹೊರಟ ಕ್ಷಯ ರೋಗಿಗೆ ಅರ್ಧ ದಾರಿಯಲ್ಲಿ ಮಾತ್ರೆ ಮುಗಿಯುತ್ತದೆ. ನಿಕ್ಷಯ್‌ನಲ್ಲಿ ಹೆಸರು ಇದ್ದವರು ಬೇರೆ ಊರಿನ ಸರ್ಕಾರಿ ಕೇಂದ್ರದಲ್ಲೂ ಚಿಕಿತ್ಸೆ ಮುಂದುವರಿಸಬಹುದು, ಇದು ಬಹಳಷ್ಟು ರೋಗಿಗಳಿಗೆ ಗೊತ್ತಿಲ್ಲ. ಅಂಗಡಿಯಲ್ಲಿ ಔಷಧಿ ಕೊಂಡವರಂತೂ ಊರಲ್ಲಿ ಮತ್ತೆ ಮೊದಲಿಂದ ಡಾಕ್ಟರ್ ಹುಡುಕಬೇಕು. "ಊರಿಗೆ ಹೊರಟ್ರಾ? ಎಷ್ಟು ದಿನ? ಮಾತ್ರೆ ಸಾಕಾಗುತ್ತಾ?" ಎಂದು ಕೇಳಲು ಕೌಂಟರ್ ಹಿಂದೆ ಫಾರ್ಮಸಿಸ್ಟ್ ಇರಬೇಕು, ಕೇಳಿದ್ದಕ್ಕೆ ಅವರಿಗೆ ಎರಡು ಕಾಸು ಸಿಗಬೇಕು.